ನಾಯಕತ್ವದ ಪುಸ್ತಕವೋ, ವ್ಯಕ್ತಿತ್ವ ವಿಕಸನದ್ದೋ? ಮೊದಲು ನಿಮ್ಮ ವಾಕ್ಯದ ಕರ್ತೃ ಯಾರೆಂದು ನೋಡಿ

ಪ್ರಶ್ನೆ: ಶಿರಸಿ ಹತ್ತಿರದ ಒಂದು ಸೇವಾ ಸಹಕಾರಿ ಸಂಘದಲ್ಲಿ ಹನ್ನೊಂದು ವರ್ಷ ಗುಮಾಸ್ತೆಯಾಗಿದ್ದೆ. ಕಳೆದ ಏಪ್ರಿಲ್‌ನಿಂದ ನಾನೇ ಮುಖ್ಯ ಕಾರ್ಯನಿರ್ವಾಹಕಿ. ಕೈಕೆಳಗೆ ಆರು ಜನ. ಇಬ್ಬರು ನನಗಿಂತ ಹಿರಿಯರು, ಅವರಲ್ಲೊಬ್ಬರು ನನಗೆ ಕೆಲಸ ಕಲಿಸಿದವರು. ಸಿಬ್ಬಂದಿ ನನ್ನ ಮಾತು ಕೇಳುವುದಿಲ್ಲ. ಹಿರಿಯ ಗುಮಾಸ್ತರು ಸದಸ್ಯರ ಎದುರೇ "ಅದು ನಿಂಗೆ ಗೊತ್ತಾಗ್ತಿಲ್ಲೆ ತಂಗಿ" ಅಂದುಬಿಡುತ್ತಾರೆ. ರಾತ್ರಿ ಎಂಟರವರೆಗೆ ನಾನೊಬ್ಬಳೇ ಕೂತು ಕಿರ್ದಿ (ದಿನದ ಜಮಾ-ಖರ್ಚಿನ ಪುಸ್ತಕ) ತಾಳೆ ನೋಡುತ್ತೇನೆ. ಓದಿ ಸುಧಾರಿಸಿಕೊಳ್ಳೋಣ ಎಂದು ಐದು ಹೆಸರು ಬರೆದಿಟ್ಟಿದ್ದೇನೆ: ಡೇಲ್ ಕಾರ್ನೆಗಿಯ 'ಹೌ ಟು ವಿನ್ ಫ್ರೆಂಡ್ಸ್', ನೆಪೋಲಿಯನ್ ಹಿಲ್‌ನ 'ಥಿಂಕ್ ಅಂಡ್ ಗ್ರೋ ರಿಚ್', ಸ್ಟೀಫನ್ ಕೋವೆಯ 'ಸೆವೆನ್ ಹ್ಯಾಬಿಟ್ಸ್', ಜಿಮ್ ಕಾಲಿನ್ಸ್‌ನ 'ಗುಡ್ ಟು ಗ್ರೇಟ್', ಜೇಮ್ಸ್ ಕ್ಲಿಯರ್‌ನ 'ಅಟಾಮಿಕ್ ಹ್ಯಾಬಿಟ್ಸ್'. ಸದ್ಯಕ್ಕೆ ಎರಡು ಕೊಳ್ಳುವಷ್ಟು ದುಡ್ಡು ಇದೆ. ನಾಯಕತ್ವದ್ದು ಮೊದಲೋ, ವ್ಯಕ್ತಿತ್ವ ವಿಕಸನದ್ದು ಮೊದಲೋ? ಕನ್ನಡ ಅನುವಾದ ಸಾಕೋ, ಇಂಗ್ಲಿಷಿನಲ್ಲೇ ಓದಬೇಕೋ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ, ಎರಡನೇ ಸಲ ಪೆನ್ನು ಹಿಡಿದು. ಪುಸ್ತಕಗಳ ಮಾತು ಆಮೇಲೆ. ಮೊದಲು ನಿಮ್ಮದೇ ಎರಡು ವಾಕ್ಯಗಳನ್ನು ಪಕ್ಕಪಕ್ಕ ಇಡುತ್ತೇನೆ. "ಸಿಬ್ಬಂದಿ ನನ್ನ ಮಾತು ಕೇಳುವುದಿಲ್ಲ." "ರಾತ್ರಿ ಎಂಟರವರೆಗೆ ನಾನೊಬ್ಬಳೇ ಕೂತು ಕಿರ್ದಿ ತಾಳೆ ನೋಡುತ್ತೇನೆ." ಶಾಲೆಯಲ್ಲಿ ಕರ್ತೃ, ಕರ್ಮ, ಕ್ರಿಯಾಪದ ಗುರುತಿಸಿ ಎಂದು ಕೊಡುತ್ತಿದ್ದರಲ್ಲ, ಹಾಗೆ ಒಮ್ಮೆ ನೋಡಿ. ಮೊದಲನೆಯದರ ಕರ್ತೃ ಸಿಬ್ಬಂದಿ. ಎರಡನೆಯದರ ಕರ್ತೃ ನೀವು.

ಪುಸ್ತಕದಂಗಡಿಯವರು ಎರಡು ಬೇರೆ ಕಪಾಟು ಮಾಡಿಟ್ಟಿರುತ್ತಾರೆ. ಒಳಗಿನ ವ್ಯತ್ಯಾಸ ಇಷ್ಟೇ. 'ನಾನು ಕೆಲಸ ಮುಂದೂಡುತ್ತೇನೆ', 'ನಾನು ಮೈಕ್ ಕಂಡರೆ ಹೆದರುತ್ತೇನೆ' ಎಂಬಂಥ ವಾಕ್ಯಗಳಿಗೆ ವ್ಯಕ್ತಿತ್ವ ವಿಕಸನದ ಕಪಾಟು. 'ಅವರು ಹೇಳಿದ್ದು ಮಾಡುವುದಿಲ್ಲ', 'ಅವರು ಒಬ್ಬರ ಮೇಲೊಬ್ಬರು ದೂರು ಹೇಳುತ್ತಾರೆ' ಎಂಬುದಕ್ಕೆ ನಾಯಕತ್ವದ ಕಪಾಟು. ಯಾವುದು ಮೊದಲು ಎಂಬುದಕ್ಕೆ ಎಲ್ಲರಿಗೂ ಒಪ್ಪುವ ಉತ್ತರ ನನ್ನಲ್ಲಿಲ್ಲ. ತೊಂದರೆಯನ್ನು ಒಂದೇ ವಾಕ್ಯದಲ್ಲಿ ಬರೆದು ಕರ್ತೃವನ್ನು ಹುಡುಕಿದರೆ ಯಾವ ಕಪಾಟಿನ ಎದುರು ನಿಲ್ಲಬೇಕೆಂದು ತಿಳಿಯುತ್ತದೆ.

ಅಲ್ಲೊಂದು ತೊಡಕಿದೆ. ಸೊಸೈಟಿಗಳ ಸಿಬ್ಬಂದಿಗೆ ತರಬೇತಿ ಕೊಡುತ್ತ ನನಗೆ 27 ವರ್ಷ ಕಳೆದವು. ಪ್ರತಿ ಶಿಬಿರದ ಮೊದಲ ದಿನ ಒಂದು ಚೀಟಿ ಕೊಟ್ಟು, ನಿಮ್ಮ ದೊಡ್ಡ ತೊಂದರೆ ಬರೆಯಿರಿ ಎನ್ನುತ್ತೇನೆ. ಹೆಚ್ಚಿನ ಚೀಟಿಗಳು 'ಅವರು' ಎಂದೇ ಶುರುವಾಗುತ್ತವೆ. ಚಾ ಆದ ಮೇಲೆ ಇನ್ನೊಂದು ಚೀಟಿ ಕೊಡುತ್ತೇನೆ. ಕಳೆದ ವಾರ ನಡೆದ ಒಂದೇ ಒಂದು ಪ್ರಸಂಗ ಬರೆಯಿರಿ, ಏನಾಯಿತೋ ಅಷ್ಟೇ. ಒಮ್ಮೆ ಒಬ್ಬರ ಮೊದಲ ಚೀಟಿಯಲ್ಲಿ 'ಸಿಬ್ಬಂದಿ ಜವಾಬ್ದಾರಿ ತಗೊಳ್ಳೋದಿಲ್ಲ' ಎಂದಿತ್ತು. ಎರಡನೆಯದರಲ್ಲಿ ಹೀಗೆ: 'ಗೊಬ್ಬರದ ಲೋಡು ಬಂದು ಮೂರು ತಾಸು ನಿಂತಿತ್ತು. ಗೋದಾಮಿನ ಕೀಲಿ ನನ್ನ ಹತ್ತಿರ ಇತ್ತು. ನಾನು ಬ್ಯಾಂಕಿಗೆ ಹೋಗಿದ್ದೆ.' ಬರೆದು ಮುಗಿಸಿ ಅವರೇ ತಲೆ ಕೆರೆದುಕೊಂಡರು. ಕರ್ತೃ ಬದಲಾಗಿತ್ತು.

ನಿಮ್ಮ ಕಿರ್ದಿಯ ವಾಕ್ಯದಲ್ಲೂ ಇಂಥದ್ದೇ ಏನೋ ಇದೆ ಎಂದು ನನ್ನ ಅನುಮಾನ. ಹನ್ನೊಂದು ವರ್ಷ ನೀವು ಕಿರ್ದಿ ಬರೆದಿರಿ. ಈಗ ಕುರ್ಚಿ ಬದಲಾಗಿದೆ, ಕಿರ್ದಿ ನಿಮ್ಮ ಹಿಂದೆಯೇ ಎದ್ದು ಬಂದಿದೆ. ಹಿರಿಯ ಗುಮಾಸ್ತರು ಬರೆದಿಟ್ಟ ಲೆಕ್ಕವನ್ನು ನೀವು ದಿನಾ ರಾತ್ರಿ ಸಾಲುಸಾಲಾಗಿ ಮತ್ತೆ ಕೂಡಿಸುತ್ತಿದ್ದೀರಿ ಎಂಬುದು ಅವರಿಗೆ ಗೊತ್ತಿಲ್ಲದೆ ಇರುತ್ತದೆಯೇ? ನಿಮಗೆ ಕೆಲಸ ಕಲಿಸಿದವರು ಅವರು. 'ನಿಂಗೆ ಗೊತ್ತಾಗ್ತಿಲ್ಲೆ ತಂಗಿ' ಎಂಬುದು ರಾತ್ರಿಯ ಆ ತಪಾಸಣೆಗೆ ಅವರು ಹಗಲಲ್ಲಿ ಕೊಡುವ ಉತ್ತರ ಇದ್ದೀತು. ಸದಸ್ಯರ ಎದುರು ಹಾಗೆ ಅನ್ನುವುದು ತಪ್ಪೇ. ಅದನ್ನು ಅವರೊಬ್ಬರೇ ಇದ್ದಾಗ ನೇರವಾಗಿ ಹೇಳಿಬಿಡಿ. ಅದಕ್ಕೆ ಪುಸ್ತಕ ಓದಿ ತಯಾರಾಗಬೇಕಿಲ್ಲ.

ಈಗ ನಿಮ್ಮ ಪಟ್ಟಿ.

ಬಿಡಬೇಕಾದ್ದನ್ನು ಮೊದಲು ಹೇಳುತ್ತೇನೆ. 'ಥಿಂಕ್ ಅಂಡ್ ಗ್ರೋ ರಿಚ್' 1937ರದು. ಉಕ್ಕಿನ ಉದ್ಯಮಿ ಆಂಡ್ರ್ಯೂ ಕಾರ್ನೆಗಿಯೇ ತನ್ನನ್ನು ಕರೆದು, ಗೆದ್ದವರ ಗುಟ್ಟು ಸಂಗ್ರಹಿಸು ಎಂದು ಹೇಳಿದ ಎಂಬುದು ಹಿಲ್ ಹೇಳಿಕೊಂಡ ಕಥೆ. ಆ ಕಾರ್ನೆಗಿ ತೀರಿಕೊಂಡದ್ದು 1919ರಲ್ಲಿ. ಭೇಟಿ ನಡೆಯಿತು ಎಂಬುದಕ್ಕೆ ಹಿಲ್‌ನ ಬಾಯಿಮಾತು ಬಿಟ್ಟರೆ ದಾಖಲೆ ಸಿಕ್ಕಿಲ್ಲ. ನಿಮಗೆ ಇಷ್ಟೇ ಹೇಳಿದರೆ ಸಾಕು: ವೋಚರ್ ಇಲ್ಲದ ಖರ್ಚು.

'ಗುಡ್ ಟು ಗ್ರೇಟ್' ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಅದು ಒಳ್ಳೆಯ ಪುಸ್ತಕ. ಗೆದ್ದವರನ್ನು ನೋಡಿ ಪಾಠ ಬರೆಯುವ ಪುಸ್ತಕಗಳ ತೊಂದರೆ ಏನೆಂದು ನಮ್ಮ ಕಡೆಯವರಿಗೆ ವಿವರಿಸುವುದು ಸುಲಭ. ಜೋರು ಮಳೆ ಹಿಡಿದು ಅಡಿಕೆಗೆ ಕೊಳೆ ರೋಗ ಬಿದ್ದ ವರ್ಷ ಯಾರ ತೋಟ ಉಳಿಯಿತೋ ಅವರ ಜಗಲಿಗೆ ಹೋಗಿ ಏನು ಮಾಡಿದಿರಿ ಎಂದು ಕೇಳಿ. ಮೈಲುತುತ್ತ, ಸುಣ್ಣ ಹದವಾಗಿ ಬೆರೆಸಿದೆ, ಮಳೆ ಹಿಡಿಯುವ ಮೊದಲೇ ಒಂದು ಸಲ ಔಷಧಿ ಹೊಡೆಸಿದೆ ಎನ್ನುತ್ತಾರೆ. ಸುಳ್ಳೇನೂ ಅಲ್ಲ. ಆದರೆ ಅದೇ ಹದದಲ್ಲಿ ಬೆರೆಸಿ, ಅದೇ ವಾರ ಹೊಡೆಸಿಯೂ ಅಡಿಕೆ ಉದುರಿಸಿಕೊಂಡವರ ಜಗಲಿಗೆ ಯಾರೂ ಹೋಗುವುದಿಲ್ಲ. ಕಾಲಿನ್ಸ್ ಈ ಅಪಾಯ ಬಲ್ಲವರು. 1,435 ಕಂಪನಿಗಳಿಂದ ಶುರುಮಾಡಿ 11ನ್ನು ಆರಿಸಿ, ಅಂಥದ್ದೇ ಅವಕಾಶವಿದ್ದೂ ಮೇಲೇಳದ ಕಂಪನಿಗಳನ್ನು ಪಕ್ಕದಲ್ಲಿಟ್ಟು ಹೋಲಿಸಿದರು. ಪುಸ್ತಕ ಬಂದದ್ದು 2001ರಲ್ಲಿ. ಆ 11ರಲ್ಲಿ ಒಂದಾದ, ಎಲೆಕ್ಟ್ರಾನಿಕ್ಸ್ ಅಂಗಡಿಗಳ ಸರ್ಕ್ಯೂಟ್ ಸಿಟಿ 2008ರಲ್ಲಿ ದಿವಾಳಿ ಅರ್ಜಿ ಹಾಕಿತು, ಇನ್ನೊಂದು, ಮನೆ ಸಾಲದ ವ್ಯವಹಾರದ ಫ್ಯಾನಿ ಮೇ, ಅದೇ ವರ್ಷ ಅಮೆರಿಕ ಸರಕಾರದ ಸುಪರ್ದಿಗೆ ಹೋಯಿತು. ಅಷ್ಟು ಎಚ್ಚರದಿಂದ ಬರೆದದ್ದಕ್ಕೇ ಹೀಗಾದರೆ ಉಳಿದವುಗಳ ಪಾಡು ನೀವೇ ಊಹಿಸಿ. ಅದರಲ್ಲಿ ಉಳಿದುಕೊಳ್ಳುವ ಮಾತು ಒಂದಿದೆ. ಅವರು ಕಂಡ ಒಳ್ಳೆಯ ಮುಖ್ಯಸ್ಥರು ಅಬ್ಬರದವರಾಗಿರಲಿಲ್ಲ, ಸಂಕೋಚದವರು, ಆದರೆ ಹಿಡಿದ ಕೆಲಸ ಬಿಡದ ಹಟಮಾರಿಗಳು. ಓದಿ, ಆದರೆ ಈ ವರ್ಷ ಬೇಡ. ಅದು ದೊಡ್ಡ ಕಂಪನಿಯ ದಿಕ್ಕು ಬದಲಿಸುವವರಿಗೆ. ನಿಮ್ಮ ಮುಂದೆ ಇರುವುದು ಆರು ಜನ ಮತ್ತು ಒಂದು ಕಿರ್ದಿ.

'ಅಟಾಮಿಕ್ ಹ್ಯಾಬಿಟ್ಸ್' 2018ರದು, ಓದಲು ಸಲೀಸು. ಈಗಾಗಲೇ ಇರುವ ರೂಢಿಯ ಬಾಲಕ್ಕೆ ಹೊಸದನ್ನು ಕಟ್ಟು, ಶುರುವನ್ನು ಎರಡು ನಿಮಿಷದಷ್ಟು ಚಿಕ್ಕದು ಮಾಡು ಎಂಬ ಎರಡು ಮಾತು ಕೆಲಸಕ್ಕೆ ಬರುತ್ತವೆ. ಹೇಳಿಬಿಟ್ಟೆನಲ್ಲ, ನಿಮ್ಮ ದುಡ್ಡು ಉಳಿಯಿತು. ಹನ್ನೊಂದು ವರ್ಷ ತಪ್ಪದೆ ಲೆಕ್ಕ ಬರೆದವರಿಗೆ ರೂಢಿಯ ಕೊರತೆ ಇದ್ದ ಹಾಗೆ ನನಗೆ ಕಾಣುವುದಿಲ್ಲ.

ಡೇಲ್ ಕಾರ್ನೆಗಿಯ ಪುಸ್ತಕ 1936ರದು. ನ್ಯೂಯಾರ್ಕಿನಲ್ಲಿ 1912ರಿಂದ ದೊಡ್ಡವರಿಗೆ ನಡೆಸುತ್ತಿದ್ದ ಸಂಜೆ ತರಗತಿಗಳಿಂದ ಅದು ಹುಟ್ಟಿತು, ಹಾಗಾಗಿ ಓದಿದರೆ ಮಾತು ಕೇಳಿದ ಹಾಗೆ ಆಗುತ್ತದೆ. ಅದನ್ನು ಓದಿ ನಾನು ಪೆಟ್ಟು ತಿಂದಿದ್ದೇನೆ. ವಯಸ್ಸು ಇಪ್ಪತ್ತೊಂಬತ್ತು, ಒಂದು ಸಂಘದ ಶಾಖೆ ನನ್ನ ಕೈಗೆ ಬಂದಿತ್ತು. ಮನಸಾರೆ ಹೊಗಳು ಎಂದು ಪುಸ್ತಕ ಹೇಳಿತ್ತು. ಅಡಿಕೆ ತೂಕ ಮಾಡುವವನನ್ನು ಸೋಮವಾರ ಹೊಗಳಿದೆ, ಮಂಗಳವಾರ ಹೊಗಳಿದೆ. ಬುಧವಾರ ಹೊಗಳಿದಾಗ ಅವ ತಕ್ಕಡಿ ಬಿಟ್ಟು ಒಳಗೆ ಬಂದ, ಬಾಗಿಲು ಅರ್ಧ ಮುಚ್ಚಿದ. "ಎಂಥಾ ಆತು ಸರ್? ನನ್ನ ಬೇರೆ ಕಡೆ ಹಾಕ್ತ್ರಾ ಏನು?" ಹೊಗಳಿಕೆ ಕೇಳಿ ಅವನಿಗೆ ಎರಡು ರಾತ್ರಿ ನಿದ್ದೆ ಬಂದಿರಲಿಲ್ಲವಂತೆ. ನಮ್ಮಲ್ಲಿ ಒಳ್ಳೆಯ ಕೆಲಸಕ್ಕೆ ಮೆಚ್ಚುಗೆ ಎಂದರೆ, ಅವನಿಲ್ಲದಾಗ ಅವನ ಬಗ್ಗೆ ಇನ್ನೊಬ್ಬರ ಹತ್ತಿರ ಹೇಳುವುದು. ಅದು ಸಂಜೆಯೊಳಗೆ ಅವನ ಕಿವಿಗೆ ತಲುಪಿರುತ್ತದೆ. ಹಾಗೆಯೇ, ಎದುರಿನವರ ಹೆಸರು ಹಿಡಿದು ಆಗಾಗ ಮಾತಾಡಿಸು ಎನ್ನುತ್ತಾನೆ ಕಾರ್ನೆಗಿ. ನಿಮ್ಮ ಹಿರಿಯ ಗುಮಾಸ್ತರನ್ನು ಬರೀ ಹೆಸರು ಹಿಡಿದು ಎರಡು ಸಲ ಕರೆದು ನೋಡಿ, ಮೂರನೇ ಸಲಕ್ಕೆ ಅವರು ರಜೆ ಅರ್ಜಿ ಬರೆದಿರುತ್ತಾರೆ. ಪುಸ್ತಕ ಸುಳ್ಳು ಎಂದಲ್ಲ, ಊರು ಬೇರೆ.

ಕೋವೆಯ ಪುಸ್ತಕ (1989) ನಿಮ್ಮ ಪ್ರಶ್ನೆಯನ್ನೇ ಎತ್ತಿಕೊಂಡು ಉತ್ತರಿಸುತ್ತದೆ. ಏಳು ರೂಢಿಗಳಲ್ಲಿ ಮೊದಲ ಮೂರು ನಮ್ಮನ್ನು ನಾವು ನಿಭಾಯಿಸಿಕೊಳ್ಳುವುದಕ್ಕೆ, ನಂತರದ ಮೂರು ಇತರರೊಂದಿಗೆ ಬಾಳುವುದಕ್ಕೆ, ಏಳನೆಯದು ಇವೆಲ್ಲ ಮೊಂಡಾಗದಂತೆ ಸಾಣೆ ಹಿಡಿಯುವುದಕ್ಕೆ. ಅಂದರೆ ಎರಡೂ ಕಪಾಟು ಒಂದೇ ರಟ್ಟಿನೊಳಗೆ, ಮತ್ತು ಮೊದಲು ನೀನು, ಆಮೇಲೆ ಅವರು ಎಂಬ ಕ್ರಮ. ಪುಸ್ತಕ ಗಟ್ಟಿ. ಈ ಕ್ರಮದ ಬಗ್ಗೆ ಮಾತ್ರ ನನ್ನದು ತಕರಾರು. ಮನೆ ಒಪ್ಪ ಮಾಡಿ ಆಮೇಲೆ ನೆಂಟರನ್ನು ಕರೆಯೋಣ ಎನ್ನುವುದು ಸರಿ, ಆದರೆ ನಿಮ್ಮ ನೆಂಟರು ಆಗಲೇ ಜಗಲಿಯಲ್ಲಿ ಕೂತು ಕಾಲು ಚಾಚಿದ್ದಾರೆ. ಗ್ರಂಥಾಲಯದಲ್ಲಿ ಸಿಕ್ಕರೆ ಎರವಲು ತಂದು, ತುರ್ತಿನ ಕೆಲಸ ಯಾವುದು, ಮುಖ್ಯ ಕೆಲಸ ಯಾವುದು ಎಂದು ಬೇರೆ ಮಾಡುವ ಮೂರನೇ ರೂಢಿಯ ಅಧ್ಯಾಯವನ್ನಾದರೂ ಓದಿ.

ಹಾಗಾದರೆ ಆ ಎರಡು ಪುಸ್ತಕದ ದುಡ್ಡು? ನಿಮ್ಮ ಪಟ್ಟಿಯಲ್ಲಿ ಇಲ್ಲದ ಎರಡಕ್ಕೆ ಹಾಕಿ ಎನ್ನುತ್ತೇನೆ.

ಒಂದು, ಪೀಟರ್ ಡ್ರಕರ್ ಬರೆದ 'ದಿ ಎಫೆಕ್ಟಿವ್ ಎಕ್ಸಿಕ್ಯುಟಿವ್'. 1967ರ ಪುಸ್ತಕ, ತೆಳ್ಳಗಿದೆ. ಸಮಯ ಎಲ್ಲಿ ಹೋಗುತ್ತದೆ ಎಂದು ನೆನಪಿನಿಂದ ಹೇಳಬೇಡ, ಆಗಿಂದಾಗ್ಗೆ ಬರೆದಿಡು ಎಂಬಲ್ಲಿಂದ ಅವರ ಪಾಠ ಶುರು. ಅದರಲ್ಲಿ ಬರುವ ಒಂದು ಕಂಪನಿಯ ಅಧ್ಯಕ್ಷನನ್ನು ನಾನು ಪ್ರತಿ ಶಿಬಿರದಲ್ಲೂ ಎಳೆದು ತರುತ್ತೇನೆ. ತನ್ನ ಸಮಯ ಮೂರು ಪಾಲಾಗುತ್ತದೆ, ಹಿರಿಯ ಸಹೋದ್ಯೋಗಿಗಳಿಗೆ, ದೊಡ್ಡ ಗಿರಾಕಿಗಳಿಗೆ, ಊರಿನ ಕೆಲಸಕ್ಕೆ ಎಂದು ಅವನು ಖಂಡಿತವಾಗಿ ನಂಬಿದ್ದ. ಆರು ವಾರ ಬರೆದಿಟ್ಟು ನೋಡಿದರೆ ಮೂರಕ್ಕೂ ಸಮಯವೇ ಹೋಗಿಲ್ಲ. ತನಗೆ ಪರಿಚಯವಿದ್ದ ಗಿರಾಕಿಗಳ ಆರ್ಡರ್ ಎಲ್ಲಿಗೆ ಬಂತು ಎಂದು ಕಾರ್ಖಾನೆಗೆ ಫೋನು ಮಾಡಿ ಪೀಡಿಸುವುದರಲ್ಲೇ ದಿನ ಕಳೆದಿತ್ತು. ನಿಮ್ಮ ಟೇಬಲ್ಲಿಗೆ ನೇರವಾಗಿ ಬಂದು "ನಮ್ಮದೊಂದು ಸಾಲದ ಕಾಗದ ನೋಡೇ" ಎನ್ನುವ ಸದಸ್ಯರು ಎಷ್ಟು ಜನ? ಕೌಂಟರ್ ದಾಟಿ ನಿಮ್ಮ ಹತ್ತಿರ ಬರುತ್ತಾರೆ, ಹನ್ನೊಂದು ವರ್ಷದ ಪರಿಚಯ, ಇಲ್ಲ ಎನ್ನಲಾಗುವುದಿಲ್ಲ. ನಿಮ್ಮ ಎಂಟು ಗಂಟೆ ರಾತ್ರಿಯ ಬೇರು ಅಲ್ಲಿದೆಯೋ ಎಂದು ಎರಡು ವಾರ ಬರೆದು ನೋಡಿ. ಅರ್ಧ ಗಂಟೆಗೊಂದು ಸಾಲು, ಹಳೆ ಡೈರಿ ಸಾಕು.

ಕಿರ್ದಿಯನ್ನು ಹಿರಿಯ ಗುಮಾಸ್ತರಿಗೆ ಪೂರ್ತಿ ಬಿಟ್ಟುಕೊಡಿ ಎಂದು ಡ್ರಕರ್ ಹೇಳುವುದಿಲ್ಲ, ನಾನು ಹೇಳುತ್ತೇನೆ. ಬಿಟ್ಟುಕೊಡುವುದೆಂದರೆ ಕಣ್ಣು ಮುಚ್ಚುವುದು ಎಂದಲ್ಲ. ನಗದು ಶಿಲ್ಕು, ಅಂದರೆ ದಿನದ ಕೊನೆಗೆ ಪೆಟ್ಟಿಗೆಯಲ್ಲಿ ಉಳಿದ ದುಡ್ಡು, ದಿನಾ ನೀವೇ ಎಣಿಸಿ ಸಹಿ ಹಾಕಿ, ಅದರಲ್ಲಿ ದಾಕ್ಷಿಣ್ಯ ಬೇಡ. ವಾರಕ್ಕೊಮ್ಮೆ, ಮುಂಚೆ ಹೇಳದೆ, ಯಾವುದಾದರೂ ಒಂದು ದಿನದ ಕಿರ್ದಿಯನ್ನು ವೋಚರ್ ಸಮೇತ ತೆಗೆದು ನೋಡಿ. ಉಳಿದ ದಿನಗಳದ್ದು ಅವರ ಜವಾಬ್ದಾರಿ ಎಂದು ಅವರಿಗೇ ಹೇಳಿ, ಸದಸ್ಯರ ಎದುರೂ ಹೇಳಿ.

ಎರಡು, ಅಮುಲ್ ಕಟ್ಟಿದ ವರ್ಗೀಸ್ ಕುರಿಯನ್ ಅವರ ಆತ್ಮಕಥೆ 'ಐ ಟೂ ಹ್ಯಾಡ್ ಎ ಡ್ರೀಮ್', 2005ರದು. ಅಂಗಡಿಯವರು ಇದನ್ನು ನಾಯಕತ್ವದ ಕಪಾಟಿನಲ್ಲಿ ಇಡುವುದಿಲ್ಲ, ಜೀವನಚರಿತ್ರೆಯ ಕಡೆ ಹುಡುಕಬೇಕು. ನಿಮಗೆ ಇದೇ ಯಾಕೆ ಎಂದರೆ, ಅಮೆರಿಕದ ನಾಯಕತ್ವದ ಪುಸ್ತಕಗಳು ಬಹುತೇಕ ಒಂದು ವಿಷಯವನ್ನು ಹೇಳದೆಯೇ ನಂಬಿಕೊಂಡಿರುತ್ತವೆ: ಬೇಕಾದವರನ್ನು ಸೇರಿಸಿಕೊಳ್ಳುವ, ಬೇಡವಾದವರನ್ನು ತೆಗೆಯುವ ಅಧಿಕಾರ ಓದುಗನ ಕೈಯಲ್ಲಿದೆ ಎಂದು. ನಿಮ್ಮ ಕೈಯಲ್ಲಿ ಅದು ಇಲ್ಲ. ಮೇಲೆ ಚುನಾಯಿತ ಆಡಳಿತ ಮಂಡಳಿ, ಅದರ ಮೇಲೆ ಸರ್ವ ಸಾಧಾರಣ ಸಭೆ. ಇಂದು ನೋಟಿಸ್ ಕೊಟ್ಟವರ ಮನೆಯ ಉಪನಯನಕ್ಕೆ ನಾಳೆ ಹೋಗಿ ಅದೇ ಪಂಕ್ತಿಯಲ್ಲಿ ಊಟಕ್ಕೆ ಕೂರಬೇಕು. ಕುರಿಯನ್ 1949ರಲ್ಲಿ ಗುಜರಾತಿನ ಆಣಂದಕ್ಕೆ ಹೋದಾಗ ಸರಕಾರಿ ಕ್ರೀಮರಿಯ ಇಂಜಿನಿಯರ್. ಅಲ್ಲಿಂದ ಖೇಡಾ ಜಿಲ್ಲೆಯ ಹಾಲು ಉತ್ಪಾದಕರ ಒಕ್ಕೂಟಕ್ಕೆ ಬಂದು ನೆಲೆನಿಂತರು. ಅಧ್ಯಕ್ಷ ತ್ರಿಭುವನದಾಸ್ ಪಟೇಲರು ರೈತರು ಆರಿಸಿದವರು, ಕುರಿಯನ್ ಸಂಬಳದವರು. ತಾನು ರೈತರ ನೌಕರ ಎಂದೇ ಅವರು ಕೊನೆಯವರೆಗೂ ಹೇ‌ಳಿಕೊಂಡರು. ಸಂಬಳದವರೊಬ್ಬರು ಚುನಾಯಿತರ ಜತೆ ಹೇಗೆ ಕೆಲಸ ಮಾಡಬಹುದು, ಎಲ್ಲಿ ಬಗ್ಗಬೇಕು, ಎಲ್ಲಿ ಬಗ್ಗಬಾರದು ಎಂಬುದು ಇಷ್ಟು ಹತ್ತಿರದಿಂದ ಇನ್ನೆಲ್ಲೂ ನನಗೆ ಸಿಕ್ಕಿಲ್ಲ. ತಮ್ಮ ಬೆನ್ನು ತಾವೇ ತಟ್ಟಿಕೊಳ್ಳುವ ಪುಟಗಳೂ ಇವೆ. ಅಲ್ಲಿ ಬೇಗ ಬೇಗ ಮಗುಚಿ.

ಮೂರನೆಯದಕ್ಕೆ ದುಡ್ಡು ಬೇಡ, ನಿಮ್ಮ ಕಚೇರಿಯ ಗೋದ್ರೇಜ್ ಕಪಾಟಿನಲ್ಲೇ ಇದೆ. ಸಭೆಗಳ ತೀರ್ಮಾನ ಬರೆದಿಟ್ಟ, ಸಂಘದ ಹಳೆಯ ಠರಾವು ಪುಸ್ತಕಗಳು. ಗದಗಿನ ಹತ್ತಿರ ಕಣಗಿನಹಾಳದಲ್ಲಿ ಸಹಕಾರಿ ಸಂಘ ಹುಟ್ಟಿದ್ದು 1905ರಲ್ಲಿ, ಶಿರಸಿಯ ತೋಟಗಾರ್ಸ್ ಸೊಸೈಟಿ 1923ರಲ್ಲಿ. ಡೇಲ್ ಕಾರ್ನೆಗಿಯ ಪುಸ್ತಕಕ್ಕಿಂತ ಎರಡೂ ಹಿರಿಯವು. ಜನರನ್ನು ಒಪ್ಪಿಸಿ ಕೆಲಸ ತೆಗೆಯುವ ವಿದ್ಯೆ ನಮ್ಮಲ್ಲಿ ಇತ್ತು, ಅದಕ್ಕೆ ರಟ್ಟು ಹಾಕಿ ಮಾರಿದವರಿರಲಿಲ್ಲ. ಘಟ್ಟದ ಕೆಳಗಿನ ಒಂದು ಸಂಘದಲ್ಲಿ ಇಂಥ ಪುಸ್ತಕ ಮಗುಚುತ್ತಿದ್ದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಹೊಸ ತೂಕದ ಯಂತ್ರ ಕೊಳ್ಳುವ ವಿಚಾರ. ಮೊದಲ ಸಭೆ: ಚರ್ಚಿಸಿ ಮುಂದಿನ ಸಭೆಗೆ ಇಡಲಾಯಿತು. ಎರಡನೆಯದು: ಅದೇ. ಮೂರನೆಯದು: ಇಬ್ಬರು ನಿರ್ದೇಶಕರು ಹಳೆಯದೇ ಸಾಕೆಂದು ವಿರೋಧ ದಾಖಲಿಸಿದ್ದಾರೆ. ನಾಲ್ಕನೆಯದರಲ್ಲಿ, ಹುಬ್ಬಳ್ಳಿಗೆ ಹೋಗಿ ಯಂತ್ರಗಳನ್ನು ನೋಡಿ ದರ ವಿಚಾರಿಸಿ ಬರಲು ಇಬ್ಬರನ್ನು ನೇಮಿಸಿದ್ದಾರೆ. ಯಾರನ್ನು? ವಿರೋಧ ದಾಖಲಿಸಿದ ಆ ಇಬ್ಬರನ್ನೇ. ಐದನೇ ಸಭೆಯಲ್ಲಿ ಖರೀದಿಯ ಠರಾವು ಪಾಸಾಗಿದೆ, ಸೂಚಕರು ಒಬ್ಬರು, ಅನುಮೋದಕರು ಇನ್ನೊಬ್ಬರು, ಅವರೇ. ಆ ನಾಲ್ಕನೇ ಸಭೆಗೆ ಮುಂಚೆ ಅಂದಿನ ಸೆಕ್ರೆಟರಿ ಅಧ್ಯಕ್ಷರ ಕಿವಿಯಲ್ಲಿ ಏನು ಹೇಳಿದ್ದರೋ ಪುಸ್ತಕದಲ್ಲಿಲ್ಲ. ನಿಮ್ಮ ಸಂಘದ್ದನ್ನು ತೆಗೆದು, ಹಿಂದಿನ ಸೆಕ್ರೆಟರಿಗಳು ಕಷ್ಟದ ವಿಷಯವನ್ನು ಎಷ್ಟು ಸಭೆ ತಡೆದರು, ಯಾರ ಕೈಗೆ ಕೊಟ್ಟರು ಎಂದು ನೋಡಿ. ಹಿರಿಯ ಗುಮಾಸ್ತರನ್ನೇ ಪಕ್ಕದಲ್ಲಿ ಕೂರಿಸಿಕೊಂಡರೆ ಇನ್ನೂ ಒಳ್ಳೆಯದು. ಬರೆಯದೆ ಬಿಟ್ಟದ್ದು ಅವರಿಗೆ ಗೊತ್ತಿರುತ್ತದೆ, ಮತ್ತು ಅಂದು 'ನಿಂಗೆ ಗೊತ್ತಾಗ್ತಿಲ್ಲೆ' ಎಂಬ ಮಾತು ಅವರ ಬಾಯಿಂದ ಬಂದರೆ ಅದು ನಿಜವೂ ಹೌದು, ಉಪಯೋಗಕ್ಕೂ ಹೌದು.

ಇನ್ನು ಅನುವಾದದ ಪ್ರಶ್ನೆ. ಈ ಬಗೆಯ ಪುಸ್ತಕಗಳ ಕನ್ನಡ ಅನುವಾದಗಳಲ್ಲಿ ಒಳ್ಳೆಯವೂ ಇವೆ, ಓದಲಾಗದವೂ ಇವೆ. ಹೊದಿಕೆ ನೋಡಿ ಹೇಳಲು ಬರುವುದಿಲ್ಲ. ನನ್ನ ಪರೀಕ್ಷೆ ಒಂದೇ. ನಡುವಿನ ಯಾವುದೋ ಪುಟ ತೆರೆದು, ತುಟಿ ಅಲ್ಲಾಡಿಸಿ ಅರ್ಧ ಪುಟ ಓದಿ. 'ಸಂಸ್ಥೆಯಲ್ಲಿ ನಿರ್ಧಾರಗಳು ತೆಗೆದುಕೊಳ್ಳಲ್ಪಡುತ್ತವೆ' ಎಂಬ ಜಾತಿಯ ವಾಕ್ಯ ಎರಡು ಸಿಕ್ಕರೆ ಮುಚ್ಚಿಡಿ. ಕೇಳಲು ಕೆಟ್ಟದಾಗಿದೆ ಎಂಬುದು ಒಂದು ಕಾರಣ. ಇನ್ನೊಂದು, ಅಂಥ ವಾಕ್ಯದಲ್ಲಿ ಕರ್ತೃವೇ ಮಾಯ. ಯಾರು ತೆಗೆದುಕೊಂಡರು ಎಂದು ತಿಳಿಯದಿದ್ದರೆ ನಾಯಕತ್ವದ ಪುಸ್ತಕದಿಂದ ಕಲಿಯುವುದೇನು? ನಮ್ಮ ಠರಾವು ಪುಸ್ತಕದವರು ಸೂಚಕರು ಇಂಥವರು, ಅನುಮೋದಕರು ಇಂಥವರು ಎಂದು ಹೆಸರು ಬರೆಯದೆ ಸಾಲು ಮುಗಿಸುತ್ತಿರಲಿಲ್ಲ. ಡ್ರಕರ್ ಮತ್ತು ಕುರಿಯನ್ ಇಂಗ್ಲಿಷ್ ಸರಳವಾಗಿದೆ, ದಿನಕ್ಕೆ ಆರೇಳು ಪುಟದಂತೆ ಓದಿಕೊಂಡು ಹೋಗಬಹುದು. ರಸ್ತೆ ಬದಿಯ ಅಗ್ಗದ ಪ್ರತಿ ಮಾತ್ರ ಬೇಡ. ಅಂಥದ್ದೊಂದರಲ್ಲಿ ನನಗೆ ಹದಿನಾರು ಪುಟ ಎರಡು ಸಲ ಸಿಕ್ಕಿದವು, ಅದರ ಮುಂದಿನ ಹದಿನಾರು ಸಿಗಲೇ ಇಲ್ಲ.

ಇಷ್ಟೆಲ್ಲ ಉಪದೇಶದ ಪುಸ್ತಕ ಓದಿ ಬೇಸರ ಬಂದರೆ, ಮಳೆಗಾಲದಲ್ಲಿ ಯಶವಂತ ಚಿತ್ತಾಲರ 'ಶಿಕಾರಿ' ಹಿಡಿಯಿರಿ. ಕುಮಟಾ ತಾಲೂಕಿನ ಹನೇಹಳ್ಳಿಯಿಂದ ಹೋಗಿ ಮುಂಬಯಿಯ ಕಂಪನಿಯಲ್ಲಿ ದುಡಿದವರು ಬರೆದ 1979ರ ಕಾದಂಬರಿ. ದೊಡ್ಡ ಹುದ್ದೆಯಲ್ಲಿದ್ದ ನಾಗಪ್ಪನನ್ನು ಕಂಪನಿ ಒಮ್ಮೆಲೇ ಅಮಾನತಿನಲ್ಲಿಡುತ್ತದೆ, ಯಾಕೆಂದು ಅವನಿಗೇ ತಿಳಿಯದು. ಕಚೇರಿಯಲ್ಲಿ ಮಾತು ಹೇಗೆ ತಿರುಗುತ್ತದೆ, ಹೆದರಿಕೆ ಹೇಗೆ ಒಬ್ಬರಿಂದ ಒಬ್ಬರಿಗೆ ದಾಟುತ್ತದೆ ಎಂದು ಅದರಷ್ಟು ಚೆನ್ನಾಗಿ ನಿಮ್ಮ ಪಟ್ಟಿಯ ಐದೂ ಸೇರಿ ಹೇಳುವುದಿಲ್ಲ. ಇದು ನನ್ನ ಪಕ್ಷಪಾತ ಇರಬಹುದು, ನಾನೂ ಆ ಕಡೆಯವನೇ.

ಕುರಿಯನ್ ಓದಿ ಮುಗಿದ ಮೇಲೆ ನಿಮ್ಮ ಅಧ್ಯಕ್ಷರಿಗೆ ಓದಲು ಕೊಡಿ. ವಾಪಸು ಬರುವ ಖಾತ್ರಿ ಇಲ್ಲ, ಮೊದಲ ಪುಟದಲ್ಲಿ ಹೆಸರು ಬರೆದೇ ಕೊಡಿ.